ಮಂಗನ ಬಾಲದ ಕೋವಿಯೂ ಒಂದು ತಪ್ಪು ಸ್ಕ್ರೂವೂ

ಕಳೆದ ಆಯುಧ ಪೂಜೆಗೆ ನಾಲ್ಕು ದಿನ ಇರುವಾಗ ಇದು ನಮ್ಮ ಮನೆಗೆ ಬಂತು. ಉದ್ದನೆಯ ಪ್ಲೈವುಡ್ ಪೆಟ್ಟಿಗೆ. ಕಾರಿನ ಡಿಕ್ಕಿಯಿಂದ ಇಳಿಸುವಾಗ ಎದುರು ಮನೆಯವರು "ಏನ್ರೀ ಮೇಸ್ತ್ರಿ, ವೀಣೆ ತಂದ್ರಾ?" ಎಂದು ಕೇಳಿದರು. ಹೂಂ ಎಂದು ಒಳಗೆ ಹೊತ್ತುಕೊಂಡು ಹೋದೆ. ಒಳಗಿದ್ದದ್ದು 1867ರ ಇಂಗ್ಲಿಷ್ ಕೋವಿ.

ಗಾಬರಿ ಬೇಡ. ಇದು ಗುಂಡು ಹಾರಿಸುವುದಿಲ್ಲ, ರಿಪೇರಿ ಮಾಡಿ ಹಾರಿಸಲೂ ಆಗುವುದಿಲ್ಲ. ಹಾಗೆ ಮಾಡಿಯೇ ಮಾರಿದ್ದಾರೆ. ಅದರ ಕಾಗದದ ವಿಷಯ ಆಮೇಲೆ ಹೇಳುತ್ತೇನೆ. ಕೊಳ್ಳುವ ಮೊದಲು ಇದರ ಬಗ್ಗೆ ಕನ್ನಡದಲ್ಲಿ ಹುಡುಕಿದೆ. ನನಗೆ ಒಂದು ಸಾಲೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಎರಡು ಮಾತು. ದಾವಣಗೆರೆಯ ಬಟ್ಟೆ ಮಿಲ್ ಒಂದರಲ್ಲಿ ಫಿಟ್ಟರ್ ಆಗಿದ್ದೆ. ಹೆಚ್ಚು ವರ್ಷ ಇದ್ದದ್ದು ಸೈಜಿಂಗ್ ಖಾತೆಯಲ್ಲಿ. ಅಂದರೆ ನೂಲಿಗೆ ಗಂಜಿ ಹಾಕಿ, ಹಬೆಯಿಂದ ಕಾದ ಸಿಲಿಂಡರಿನ ಮೇಲೆ ಒಣಗಿಸುವ ಜಾಗ. ಮಿಲ್ ಮುಚ್ಚಿದ ಮೇಲೆ ಲೇತ್ ಅಂಗಡಿಗಳಲ್ಲಿ ಕೆಲಸ ಮಾಡಿದೆ. ಈಗ 67. ಹಳೇ ಬೀಗ, ಹಳೇ ತಕ್ಕಡಿ, ಹಳೇ ಹೊಲಿಗೆ ಮಷಿನ್ ಕೂಡಿಡುವ ಚಟ ಇದೆ. ಕೋವಿಯ ಮೇಲೆ ಆಸೆ ಇರಲಿಲ್ಲ. ಚಿತ್ರದುರ್ಗದಲ್ಲಿರುವ ನನ್ನ ಗೆಳೆಯ, ನಿವೃತ್ತ ಇತಿಹಾಸದ ಮೇಷ್ಟ್ರು, ಒಂದು ದಿನ ಫೋನಿನಲ್ಲಿ ಇದರ ಫೋಟೋ ಕಳಿಸಿದರು. "ಮೇಸ್ತ್ರಿ, ಇದರ ಹಿಂದೆ ಒಂದು ಹಿಡಿ ಇದೆ ನೋಡಿ, ಇದು ಏನು ಕೆಲಸ ಮಾಡ್ತದೆ ಹೇಳಿ" ಎಂದರು. ನಾನು ತಪ್ಪು ಹೇಳಿದೆ. ರಾತ್ರಿ ನಿದ್ದೆ ಬರಲಿಲ್ಲ. ಮೂರು ತಿಂಗಳಲ್ಲಿ 82 ಸಾವಿರ ರೂಪಾಯಿ ಹೋಯಿತು.

ಹೆಸರು ವೆಸ್ಟ್ಲಿ ರಿಚರ್ಡ್ಸ್ ಕಾರ್ಬೈನ್. ಕಾರ್ಬೈನ್ ಅಂದರೆ ಕುದುರೆ ಸವಾರರಿಗೆ ಅಂತ ಮಾಡಿದ ಗಿಡ್ಡ ಕೋವಿ. ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಇದಕ್ಕೆ 1858ರಲ್ಲಿ ಪೇಟೆಂಟ್ ತೆಗೆದುಕೊಂಡ. ಇಂಗ್ಲಿಷ್ ಸಿಪಾಯಿಗಳು ಇದನ್ನು ಕರೆದದ್ದು ಮಂಕಿ ಟೇಲ್, ಮಂಗನ ಬಾಲ ಎಂದು. ನೋಡಿದರೆ ಗೊತ್ತಾಗುತ್ತದೆ. ಕೋವಿಯ ಬೆನ್ನ ಮೇಲೆ, ಕೈ ಹಿಡಿಯುವ ಜಾಗದವರೆಗೂ, ಒಂದು ಉದ್ದನೆಯ ಉಕ್ಕಿನ ಹಿಡಿ ಸಪೂರವಾಗಿ ಮಲಗಿರುತ್ತದೆ. ಅದರ ತುದಿಗೆ ಬೆರಳು ಹಾಕಿ ಮೇಲಕ್ಕೆ ಎತ್ತಬೇಕು. ಬಾಲ ಎದ್ದು ನಿಲ್ಲುತ್ತದೆ, ಕೋವಿಯ ಹಿಂಭಾಗ ಬಾಯಿ ತೆರೆಯುತ್ತದೆ. ಚಿತ್ರದುರ್ಗದ ಕೋಟೆಯಲ್ಲಿ ಮಂಗಗಳು ನಿಮ್ಮ ಕೈಯ ಮಂಡಕ್ಕಿ ಪೊಟ್ಟಣ ನೋಡಿ ಏಳುವಾಗ ಬಾಲ ಏಳುತ್ತದಲ್ಲ, ಥೇಟ್ ಹಾಗೆ.

ಟೇಪ್ ಹಿಡಿದು ನೋಡಿದೆ. ನಳಿಗೆ 20 ಇಂಚು, ತುದಿಯಿಂದ ತುದಿಗೆ 36 ಇಂಚು. ಗುಂಡಿನ ಅಳತೆ .450, ಅಂದರೆ ಸುಮಾರು 11 ಮಿಲಿಮೀಟರ್ ಚಿಲ್ಲರೆ. ಅಕ್ಕಿ ಅಂಗಡಿಯ ತಕ್ಕಡಿಯಲ್ಲಿ ಇಡೋಣವೆಂದರೆ ಅಂಗಡಿಯವನು ಕೈಮುಗಿದ. ಎತ್ತಿದರೆ ಮೂರು ಕೆಜಿ ಆಸುಪಾಸು ಅನ್ನಿಸುತ್ತದೆ. ಕೈಗೆ ಭಾರ ಅನ್ನಿಸುವುದಿಲ್ಲ, ತೂಕ ನಡುವಿನಲ್ಲೇ ಕೂತಿದೆ.

ಈಗ ನನ್ನ ನಿದ್ದೆ ಕೆಡಿಸಿದ ವಿಷಯ.

ನಮ್ಮ ಮಲೆನಾಡಿನ ಕಡೆ ಹಳಬರ ಮನೆಯಲ್ಲಿ ಕೇಪಿನ ಕೋವಿ ನೋಡಿರುತ್ತೀರಿ. ಮೂತಿಯಿಂದ ಮದ್ದು ಹಾಕಿ, ಗುಂಡು ಹಾಕಿ, ಕಂಬಿಯಿಂದ ಜಡಿದು, ಹಿಂದೆ ಮೊಲೆಯಂಥ ತೂಬಿನ ಮೇಲೆ ಬಡಿದರೆ ಕಿಡಿ ಹಾರಿಸುವ ಪುಟ್ಟ ತಾಮ್ರದ ಕೇಪು ಸಿಕ್ಕಿಸಿ, ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆಗೆ ಕೋವಿಯಲ್ಲಿ ಹೀಗೇ ಹೆಸರು) ಎತ್ತಿ ಬಿಡುವುದು. ಅದರಲ್ಲಿ ಹಿಂಭಾಗ ಪೂರ್ತಿ ಮುಚ್ಚಿರುತ್ತದೆ. ಸೋರುವ ಪ್ರಶ್ನೆಯೇ ಇಲ್ಲ. ಆದರೆ ನಿಜವಾದ ಕುದುರೆ ಮೇಲೆ ಕೂತವನ ಪಾಡು ನೋಡಿ. ಒಂದು ಕೈಯಲ್ಲಿ ಲಗಾಮು. ಕುದುರೆ ನಿಂತಲ್ಲಿ ನಿಲ್ಲುವುದಿಲ್ಲ. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಮೂತಿಗೆ ಮದ್ದು ಸುರಿಯಬೇಕು, ಕಂಬಿ ಎಳೆಯಬೇಕು, ಜಡಿಯಬೇಕು. ಆಗುವ ಕೆಲಸವಾ ಅದು? ಅದಕ್ಕೆ ಹಿಂದಿನಿಂದ ತುಂಬುವ ಕೋವಿ ಬೇಕಾಯಿತು.

ಹಿಂದೆ ಬಾಗಿಲು ಇಟ್ಟ ಕೂಡಲೇ ಶುರುವಾಯಿತು ಸೋರಿಕೆ. ಮದ್ದು ಉರಿದಾಗ ಹುಟ್ಟುವ ಬಿಸಿ ಗಾಳಿಗೆ ಎಲ್ಲಿ ಕೂದಲೆಳೆ ಸಂದು ಸಿಕ್ಕರೂ ಸಾಕು. ಕೋವಿ ಹಿಡಿದವನ ಕೆನ್ನೆಯ ಪಕ್ಕದಲ್ಲೇ ಆ ಸಂದು! ಅಮೆರಿಕದ ಶಾರ್ಪ್ಸ್ ಕಾರ್ಬೈನ್ ಗಟ್ಟಿಮುಟ್ಟಾದ ಕೋವಿ. 1855ರ ಸುಮಾರಿಗೆ ಬ್ರಿಟಿಷ್ ಸರ್ಕಾರವೂ 6,000 ತರಿಸಿಕೊಂಡಿತ್ತು. ಅದರ ಮೇಲೂ ದೂರು ಇದೇ, ಹಿಂದಿನಿಂದ ಬೆಂಕಿ ಸೋರುತ್ತದೆ ಎಂದು. ಉಕ್ಕಿಗೆ ಉಕ್ಕು ಎಷ್ಟು ಚೆನ್ನಾಗಿ ಉಜ್ಜಿ ಕೂರಿಸಿದರೂ ನಾಲ್ಕು ದಿನ ಬಳಸಿದರೆ ಸವೆಯುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೈಜಿಂಗ್ ಖಾತೆಯಲ್ಲಿ ನನ್ನ ಅರ್ಧ ಆಯಸ್ಸು ಹಬೆ ಸೋರುವುದನ್ನು ನಿಲ್ಲಿಸುವುದರಲ್ಲೇ ಕಳೆದಿದೆ. ವಾಲ್ವಿನ ಗ್ಲ್ಯಾಂಡ್ ಬಿಚ್ಚಿ, ಹಳೇ ಡೋರಿ ಕೊಕ್ಕೆಯಿಂದ ಕಿತ್ತು, ಗ್ರೀಸ್ ಹಿಡಿಸಿದ ಹೊಸ ಡೋರಿ ಸುತ್ತಿ, ನಟ್ ಬಿಗಿ ಮಾಡುವುದು. ಕಬ್ಬಿಣ ತಡೆಯಲಾಗದ ಹಬೆಯನ್ನು ಒಂದು ಜಿಡ್ಡು ಹಗ್ಗ ತಡೆಯುತ್ತದೆ.

ರಿಚರ್ಡ್ಸ್ ಮಾಡಿದ್ದೂ ಇಷ್ಟೇ. ಅವನ ತೋಟಾ ಕಾಗದದ್ದು. ಮುಂದೆ ಗುಂಡು, ನಡುವೆ ಮದ್ದು, ಬುಡದಲ್ಲಿ ಒಂದು ದಪ್ಪ ಉಣ್ಣೆಯ ಬಿಲ್ಲೆ. ಫೆಲ್ಟ್ ಅನ್ನುತ್ತೇವಲ್ಲ, ಒತ್ತಿ ಮಾಡಿದ ಉಣ್ಣೆ. ಅದಕ್ಕೆ ಕೊಬ್ಬು ಹಿಡಿಸಿರುತ್ತಾರೆ. ಬಾಲ ಎತ್ತಿ ತೋಟಾವನ್ನು ಇಡಿಯಾಗಿ ಒಳಗೆ ತಳ್ಳಿ, ಬಾಲ ಮುಚ್ಚಿದರೆ, ಬಾಲಕ್ಕೆ ಅಂಟಿಕೊಂಡ ಹಿತ್ತಾಳೆ ಮೂತಿಯ ಪಿಸ್ಟನ್ ಆ ಬಿಲ್ಲೆಯ ಬೆನ್ನಿಗೆ ಬಂದು ಕೂರುತ್ತದೆ. ಕೇಪಿನ ಕಿಡಿ ತೂಬಿನಿಂದ ಒಳಗೆ ಹಾರಿ, ಕಾಗದ ತೂರಿ ಮದ್ದಿಗೆ ತಾಗುತ್ತದೆ. ಮದ್ದು ಉರಿದು ಹಿಂದಕ್ಕೆ ಒತ್ತಿದಾಗ ಉಣ್ಣೆ ಬಿಲ್ಲೆ ಅಗಲವಾಗಿ ಉಬ್ಬಿ ಎಲ್ಲ ಸಂದನ್ನೂ ಮುಚ್ಚುತ್ತದೆ. ಎಷ್ಟು ಜೋರಾಗಿ ಒತ್ತುತ್ತದೋ ಅಷ್ಟು ಬಿಗಿ. ಒತ್ತಡ ಹೆಚ್ಚಿದಷ್ಟೂ ಬಾಲವೂ ಮೇಲೇಳದೆ ಕೆಳಕ್ಕೇ ಕೂರುವ ಹಾಗೆ ಕೀಲಿನ ಜಾಗ ಇಟ್ಟಿದ್ದಾನೆ. ಇದನ್ನು ಕೈಯಲ್ಲಿ ಹಿಡಿದು ಬಾಲ ಆಡಿಸಿ ನೋಡಿದಾಗಲೇ ನನಗೆ ತಿಳಿದದ್ದು. ಫೋಟೋ ನೋಡಿ ನಾನು ಅದನ್ನು ಕುದುರೆ ಎತ್ತುವ ಹಿಡಿ ಎಂದುಕೊಂಡಿದ್ದೆ.

ಇನ್ನೊಂದು ಕಿಲಾಡಿತನ ಇದೆ. ಗುಂಡು ಹಾರಿದ ಮೇಲೆ ಬಿಲ್ಲೆ ಅಲ್ಲೇ ಉಳಿಯುತ್ತದೆ. ಅದನ್ನು ತೆಗೆಯಬೇಕಾಗಿಲ್ಲ. ಮುಂದಿನ ತೋಟಾ ತಳ್ಳಿದಾಗ ಹಳೇ ಬಿಲ್ಲೆ ಅದರ ಗುಂಡಿನ ಮುಂದೆ ಹೋಗುತ್ತದೆ. ಮುಂದಿನ ಗುಂಡು ಹಾರುವಾಗ ನಳಿಗೆಯ ಮಸಿ ಒರೆಸುತ್ತಾ, ಜಿಡ್ಡು ಸವರುತ್ತಾ ಆಚೆ ಹೋಗುತ್ತದೆ. ಅಂದರೆ ಒಂದು ಗುಂಡಿಗೆ ಗ್ಯಾಸ್ಕೆಟ್ ಆಗಿದ್ದದ್ದು ಇನ್ನೊಂದು ಗುಂಡಿಗೆ ಒರೆಸುವ ಬಟ್ಟೆ. ಮಿಲ್ಲಿನಲ್ಲಿ ನಾವು ಕಿತ್ತ ಡೋರಿಯನ್ನು ಬಿಸಾಡದೆ ಕೈ ಒರೆಸಿಕೊಳ್ಳುತ್ತಿದ್ದೆವು. ನೆನಪಾಗಿ ನಗು ಬಂತು.

ಇದನ್ನು ನಮ್ಮ ಮನೆಯವಳಿಗೆ ವಿವರಿಸಿದೆ. ಕುಕ್ಕರ್ ಗ್ಯಾಸ್ಕೆಟ್ ಇದ್ದ ಹಾಗೆ, ಆದರೆ ಪ್ರತಿ ಸಲ ಅನ್ನ ಮಾಡುವಾಗ ಅಕ್ಕಿಯ ಜೊತೆಗೇ ಹೊಸ ಗ್ಯಾಸ್ಕೆಟ್ ಬಂದರೆ ಹೇಗಿರುತ್ತೆ, ಹಾಗೆ ಎಂದೆ. "ನಮ್ಮ ಕುಕ್ಕರಿಂದು ಹದಿನೈದು ದಿನದಿಂದ ಸೋರ್ತಿದೆ ರೀ" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ನಳಿಗೆಯ ಒಳಗೂ ನೋಡುವುದಿದೆ. ಸಾಮಾನ್ಯವಾಗಿ ರೈಫಲ್ ಅಂದರೆ ದುಂಡನೆಯ ನಳಿಗೆಯಲ್ಲಿ ತಿರುಚಿದ ಗೀರುಗಳು. ಇದರದ್ದು ಹಾಗಲ್ಲ. ಮೂತಿಗೆ ಟಾರ್ಚ್ ಬಿಟ್ಟರೆ ತೂತಿಗೇ ಎಂಟು ಮೂಲೆ. ಎಂಟು ಮೂಲೆಯ ಕೊಳವೆಯನ್ನೇ ಹಿಡಿದು ತಿರುಚಿದ ಹಾಗೆ. ಇದು ಸರ್ ಜೋಸೆಫ್ ವಿಟ್‌ವರ್ತ್‌ನ ಪೇಟೆಂಟಿನ ಲೆಕ್ಕದಲ್ಲಿ ಮಾಡಿದ್ದು. ವಿಟ್‌ವರ್ತ್ ಮಾಡಿದ ರೈಫಲ್ಲಿಗೆ ಆರು ಮೂಲೆ, ರಿಚರ್ಡ್ಸ್ ಎಂಟು ಮಾಡಿಕೊಂಡ.

ವಿಟ್‌ವರ್ತ್! ಹಳೇ ಫಿಟ್ಟರುಗಳಿಗೆ ಈ ಹೆಸರು ಕೇಳಿದರೆ ಮೈ ಜುಮ್ಮೆನ್ನಬೇಕು. ನಾವು ಟ್ಯಾಪ್ ಹಾಕಲು, ಅಂದರೆ ತೂತಿನೊಳಗೆ ಸ್ಕ್ರೂ ಕೂರುವ ಸುರುಳಿ ಗೀರು (ಥ್ರೆಡ್) ಕೊಯ್ಯಲು, ಕಲಿತದ್ದೇ ವಿಟ್‌ವರ್ತ್ ಥ್ರೆಡ್ಡಿನಲ್ಲಿ. ಮೂರು ಸೂತ ವಿಟ್‌ವರ್ತ್, ನಾಲ್ಕು ಸೂತ ವಿಟ್‌ವರ್ತ್ (ಸೂತ ಅಂದರೆ ಇಂಚಿನ ಎಂಟನೇ ಒಂದು ಭಾಗ) ಎಂದು ದಿನಕ್ಕೆ ಐವತ್ತು ಸಲ ಬಾಯಲ್ಲಿ ಬರುತ್ತಿತ್ತು. ನಾನು ಅದೊಂದು ಊರಿನ ಹೆಸರು ಎಂದುಕೊಂಡಿದ್ದೆ. ಮನುಷ್ಯ, ಅದೂ ಮ್ಯಾಂಚೆಸ್ಟರಿನಲ್ಲಿ ಕಾರ್ಖಾನೆ ಇಟ್ಟವನು. ಒಬ್ಬೊಬ್ಬ ಕಾರ್ಖಾನೆಯವನು ಒಂದೊಂದು ಥರ ಥ್ರೆಡ್ ಕೊಯ್ಯುತ್ತಿದ್ದ ಕಾಲದಲ್ಲಿ, 1841ರಲ್ಲಿ, ಎಲ್ಲರೂ 55 ಡಿಗ್ರಿ ಕೋನದಲ್ಲೇ ಕೊಯ್ಯಿರಿ ಎಂದು ಒಂದು ಅಳತೆ ಕೊಟ್ಟ. ಕೋವಿಯ ಹುಚ್ಚು ಆಮೇಲೆ. 1860ರಲ್ಲಿ ವಿಂಬಲ್ಡನ್ನಿನಲ್ಲಿ ವಿಕ್ಟೋರಿಯಾ ರಾಣಿ ಗುರಿ ಸ್ಪರ್ಧೆಗೆ ಚಾಲನೆ ಕೊಟ್ಟದ್ದು ಇವನ ರೈಫಲ್ಲಿನಿಂದ. ಸ್ಟ್ಯಾಂಡಿಗೆ ಕೂರಿಸಿ, ದಾರ ಎಳೆಯಲು ರಾಣಿಗೆ ಕೊಟ್ಟರು. 400 ಗಜ ದೂರದ ಗುರಿಯಲ್ಲಿ ಗುಂಡು ಹೆಚ್ಚೂಕಡಿಮೆ ನಡು ಮಧ್ಯಕ್ಕೇ ಬಿತ್ತು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು, ನೆನಪಿದೆಯಾ? ಈಗ ಬೆಣ್ಣೆ ದೋಸೆ ಊರು ಅಷ್ಟೇ. ಅಸಲಿ ಮ್ಯಾಂಚೆಸ್ಟರಿನವನ ಕೈಚಳಕದ ಎಂಟು ಮೂಲೆ ನಮ್ಮ ವಿನೋಬನಗರದ ಮನೆಯ ಗೋಡೆಯ ಮೇಲೆ ಇದೆ ಎಂದರೆ ನನಗೇನೋ ಒಂಥರಾ ಖುಷಿ. ಬೇರೆಯವರಿಗೆ ಆಗದಿದ್ದರೆ ಬೇಡ.

ನನ್ನದು ಬರ್ಮಿಂಗ್‌ಹ್ಯಾಮಿನದಲ್ಲ, ಎನ್‌ಫೀಲ್ಡಿನ ಸರ್ಕಾರಿ ಕಾರ್ಖಾನೆಯದು. 1861ರಲ್ಲಿ ಮೊದಲು ಎರಡು ಸಾವಿರ ಕೊಂಡು ಕೆಲವು ಸವಾರ ಪಡೆಗಳಿಗೆ ಪರೀಕ್ಷೆಗೆ ಕೊಟ್ಟರು. ಮೆಚ್ಚಿದ ಮೇಲೆ ಎನ್‌ಫೀಲ್ಡಿನಲ್ಲಿ ಸುಮಾರು 20 ಸಾವಿರ ಮಾಡಿಸಿದರು. ಪಕ್ಕದ ತಟ್ಟೆಯ ಮೇಲೆ ಕಿರೀಟ, ವಿಕ್ಟೋರಿಯಾ ರಾಣಿಯ ವಿ ಆರ್ ಅಕ್ಷರ, ಎನ್‌ಫೀಲ್ಡ್, 1867 ಎಂದು ಒತ್ತಿದ್ದಾರೆ. ಮೊಮ್ಮಗ ಓದಿ "ಅಜ್ಜ, ಇದು ಬುಲೆಟ್ ಬೈಕ್ ಕಂಪನೀದು!" ಎಂದು ಕೂಗಿದ. ಬಯ್ಯಲು ಹೋದೆ, ಆದರೆ ಹುಡುಗ ಪೂರ್ತಿ ತಪ್ಪಲ್ಲ. ರಾಯಲ್ ಎನ್‌ಫೀಲ್ಡ್ ಎಂಬ ಹೆಸರು ಬಂದದ್ದೇ ಆ ಕಂಪನಿ ಎನ್‌ಫೀಲ್ಡಿನ ಕೋವಿ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುತ್ತಿದ್ದದ್ದರಿಂದ. ಬೈಕಿನ ಮೇಲೆ ಫಿರಂಗಿ ಚಿತ್ರ ಸುಮ್ನೆ ಬಂದದ್ದಲ್ಲ.

ಮರದ ಮೇಲೆ ಇನ್ನೊಂದು ಗುರುತು ಇದೆ. ಎರಡು ಬಾಣಗಳು ಮೂತಿಗೆ ಮೂತಿ ತಾಗಿಸಿಕೊಂಡಿವೆ. ಒಂದೇ ಬಾಣ ಇದ್ದರೆ ಬ್ರಿಟಿಷ್ ಸರ್ಕಾರದ ಸೊತ್ತು. ಎದುರುಬದುರು ಎರಡು ಇದ್ದರೆ ಸರ್ಕಾರ ಅದನ್ನು ಸೇವೆಯಿಂದ ಕೈಬಿಟ್ಟು ಮಾರಿದೆ ಎಂದು. ಹೆಚ್ಚು ದಿನ ನಡೆಯಲಿಲ್ಲ ಪಾಪ. ಎನ್‌ಫೀಲ್ಡಿನಲ್ಲಿ ಇದನ್ನು ಮಾಡುತ್ತಿರುವಾಗಲೇ, 1866ರಲ್ಲಿ, ಸ್ನೈಡರ್ ಎಂಬ ಹೊಸ ಕೋವಿ ಬಂತು. ಅದಕ್ಕೆ ಲೋಹದ ತೋಟಾ. ಕೇಪು, ಮದ್ದು, ಗುಂಡು ಎಲ್ಲ ಒಂದೇ ಡಬ್ಬಿಯಲ್ಲಿ, ಡಬ್ಬಿಯೇ ಉಬ್ಬಿ ಸೋರಿಕೆ ತಡೆಯುತ್ತದೆ. ಬೇರೆ ಕೇಪು ಹುಡುಕುವ ತಾಪತ್ರಯವೇ ಇಲ್ಲ. ಕುದುರೆ ಮೇಲೆ, ಚಳಿಯಲ್ಲಿ, ಕಡಲೆಕಾಳಿನಷ್ಟು ಕೇಪನ್ನು ತೂಬಿಗೆ ಸಿಕ್ಕಿಸುವುದು ಎಂದರೆ ಹೇಗೆ ಹೇಳಿ. ಹಿಂದಿನ ಬಾಗಿಲು ಹೊಸ ಕಾಲದ್ದು, ಕೇಪು ಹಳೇ ಕಾಲದ್ದು. ನಡುವೆ ಸಿಕ್ಕಿಕೊಂಡ ಕೋವಿ ಇದು. ಆದರೂ ಇಂಗ್ಲೆಂಡಿನ ಊರೂರಿನ ಅರೆಕಾಲಿಕ ಸವಾರ ಪಡೆಗಳ ಕೈಯಲ್ಲಿ ಇನ್ನೂ ಸುಮಾರು ವರ್ಷ ಇತ್ತು. ಪೋರ್ಚುಗಲ್ 1867ರಲ್ಲಿ ಕೊಂಡಿತು. ದಕ್ಷಿಣ ಆಫ್ರಿಕಾದ ಬೋಯರ್ ರೈತರಿಗಂತೂ ಇದು ಬೇಟೆಗೆ ಅಚ್ಚುಮೆಚ್ಚು. ಲೋಹದ ತೋಟಾ ಸಿಗದ ಕಾಡಿನಲ್ಲಿ ಕಾಗದ, ಮದ್ದು, ಸೀಸ ಇದ್ದರೆ ಸಾಕಲ್ವಾ.

ಮೇಷ್ಟ್ರು ಇದನ್ನು ನೋಡಲು ಬಂದಾಗ ಮೊದಲು ಕೇಳಿದ್ದು ಕೊಬ್ಬಿನ ವಿಷಯ. 1857ರಲ್ಲಿ ಸಿಪಾಯಿಗಳು ರೊಚ್ಚಿಗೆದ್ದದ್ದು ಎನ್‌ಫೀಲ್ಡ್ ರೈಫಲ್ಲಿನ ತೋಟಾಕ್ಕೆ ಹಸುವಿನ, ಹಂದಿಯ ಕೊಬ್ಬು ಸವರಿದ್ದಾರೆ ಎಂಬ ಮಾತಿಗೆ. ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಮರು ವರ್ಷವೇ ಪೇಟೆಂಟ್ ಆದ ಈ ಕೋವಿಯ ತೋಟಾದಲ್ಲೂ ಕೊಬ್ಬು ಇದೆ, ಆದರೆ ಕಚ್ಚುವ ಕೆಲಸ ಇಲ್ಲ, ಇಡಿಯಾಗಿ ತಳ್ಳುವುದು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು "ಒಂದು ವರ್ಷ ಲೇಟು" ಎಂದರು. ಆಮೇಲೆ ಇಬ್ಬರೂ ದುರ್ಗಕ್ಕೆ ಹೋದೆವು. ಕೋವಿ ಮನೆಯಲ್ಲೇ ಇತ್ತು. ಕೋಟೆಯೊಳಗೆ ಮದ್ದು ಬೀಸುತ್ತಿದ್ದ ಆ ದೊಡ್ಡ ಬೀಸುಕಲ್ಲುಗಳ ಹತ್ತಿರ ಕೂತು ಮಂಡಕ್ಕಿ ಮಿರ್ಚಿ ತಿಂದೆವು. 1779ರಲ್ಲಿ ಹೈದರಾಲಿ ದುರ್ಗ ಹಿಡಿಯುವವರೆಗೆ ನಾಯಕರ ಮದ್ದು ತಯಾರಾದದ್ದು ಅಲ್ಲಿ. ಆ ಕಲ್ಲಿನ ದಪ್ಪ ನೋಡಿದರೆ, ಮದ್ದು ಮಾಡುವುದು ಎಷ್ಟು ರಟ್ಟೆಯ ಕೆಲಸ ಎಂದು ತಿಳಿಯುತ್ತದೆ. ಒಂದು ಮಂಗ ಬಂದು ಮೇಷ್ಟ್ರ ಮಿರ್ಚಿ ಎತ್ತಿಕೊಂಡು ಹೋಯಿತು. ಬಾಲ ಎತ್ತಿಕೊಂಡೇ.

ಇನ್ನು ಬೈಗುಳ.

ಮಾರಿದವರು ಬೇರೆ ಊರಿನವರು, ಹೆಸರು ಹೇಳುವುದಿಲ್ಲ. ಫೋಟೋದಲ್ಲಿ ಮರ ಫಳಫಳ ಹೊಳೆಯುತ್ತಿತ್ತು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಈ ಕೋವಿಗೆ ಅಕ್ರೋಟ್ ಮರ, ಅದಕ್ಕೆ ಅಗಸೆ ಎಣ್ಣೆ ಉಜ್ಜಿರುತ್ತಾರೆ. ನೂರೈವತ್ತು ವರ್ಷದ ಬೆವರು, ಎಣ್ಣೆ ಕುಡಿದ ಮರ ಮಂದವಾಗಿ ಕಪ್ಪಗಿರಬೇಕು. ಇವರು ಮರಳು ಕಾಗದ ಹಾಕಿ ಉಜ್ಜಿ, ಅಂಗಡಿಯ ವಾರ್ನಿಷ್ ಬಳಿದು, ಮದುವೆ ಮನೆಯ ಕುರ್ಚಿ ಥರ ಮಾಡಿದ್ದಾರೆ. ಉಜ್ಜಿದ ರಭಸಕ್ಕೆ ಬಾಣದ ಗುರುತು ಅರ್ಧ ಅಳಿಸಿದೆ. ಪಕ್ಕದ ಇನ್ನೊಂದು ದುಂಡು ಮುದ್ರೆ ಪೂರ್ತಿ ಹೋಗಿದೆ. ಯಾವ ಪಡೆಯದು ಎಂದು ತಿಳಿಯುವ ದಾರಿ ಅದೇ ಆಗಿತ್ತೋ ಏನೋ. ಹಳೇ ಸಾಮಾನಿಗೆ ಮರಳು ಕಾಗದ ಹಾಕುವವರನ್ನು ಏನು ಮಾಡಬೇಕು ನೀವೇ ಹೇಳಿ.

ಎರಡನೆಯದು ಸ್ಕ್ರೂ. ಬಾಲದ ಹಿಂದೆ ಮರವನ್ನೂ ಕಬ್ಬಿಣವನ್ನೂ ಕೂಡಿಸುವ ಒಂದು ಉದ್ದ ಸ್ಕ್ರೂ ಇದೆ. ಮನೆಗೆ ಬಂದ ಮೂರನೇ ದಿನ ಬಿಚ್ಚಿದೆ. ಬಿಗಿಯಾಗಿ ಬಂತು, ಕಿರಗುಟ್ಟಿತು. ಥ್ರೆಡ್ ಗೇಜ್ ಇಟ್ಟರೆ ಸರಿಯಾಗಿ ಕೂತಿತು: 6 ಮಿಲಿಮೀಟರ್, ಒಂದು ಮಿಲಿಮೀಟರ್ ಪಿಚ್, 60 ಡಿಗ್ರಿ. ಅಪ್ಪಟ ಮೆಟ್ರಿಕ್! ಹಾರ್ಡ್‌ವೇರ್ ಅಂಗಡಿಯಲ್ಲಿ ಐದು ರೂಪಾಯಿಗೆ ಸಿಗುವ ಮಾಲು. ತಲೆಯಲ್ಲಿ ಅಲೆನ್ ಕೀ ಹಾಕುವ ಆರು ಮೂಲೆಯ ಗುಣಿ ತುಂಬಿ, ಗರಗಸದಿಂದ ಗೀರು ಹಾಕಿ, ಕಪ್ಪು ಬಣ್ಣ ಹಚ್ಚಿ ಹಳೇದರ ವೇಷ ಹಾಕಿದ್ದಾರೆ. ಎನ್‌ಫೀಲ್ಡಿನ ಸ್ಕ್ರೂಗಳಿಗೆ ಅವರದ್ದೇ ಥ್ರೆಡ್, ವಿಟ್‌ವರ್ತೂ ಅಲ್ಲ. ಮೆಟ್ರಿಕ್ ತುರುಕಿದ್ದಕ್ಕೆ ಒಳಗಿನ ಹಳೇ ಥ್ರೆಡ್ ಅರ್ಧ ಕಚ್ಚಿಹೋಗಿದೆ. ಫೋನ್ ಮಾಡಿದೆ. "ಸಾರ್, ಅದು ಒರಿಜಿನಲ್ಲೇ" ಎಂದರು. 1867ರಲ್ಲಿ ಮೆಟ್ರಿಕ್ ಸ್ಕ್ರೂ ಹಾಕಿದ ಇಂಗ್ಲಿಷರನ್ನು ನಾನು ನೋಡಿಲ್ಲ ಎಂದೆ. ಲೈನ್ ಕಟ್ ಆಯಿತು.

ಮೂರನೆಯದು ದೂರು ಅಲ್ಲ, ಸಂಕಟ. ಕಾನೂನಿಗಾಗಿ ಇದನ್ನು ಕೊಂದಿದ್ದಾರೆ. ಮೂತಿಯಿಂದ ಮೂರು ಇಂಚು ಒಳಗೆ ನಳಿಗೆಗೆ ಉಕ್ಕಿನ ಸರಳು ಇಟ್ಟು ವೆಲ್ಡ್ ಮಾಡಿದ್ದಾರೆ. ತೂಬು ಗಟ್ಟಿ ಮುಚ್ಚಿದೆ. ಪಿಸ್ಟನ್ ಮೂತಿ ಕೊಯ್ದಿದ್ದಾರೆ. ಆಗಲೇಬೇಕಾದ ಕೆಲಸ, ಒಪ್ಪುತ್ತೇನೆ. ನನ್ನ ಮನೆಯಲ್ಲಿ ಮಕ್ಕಳಿದ್ದಾರೆ, ಜೀವಂತ ಕೋವಿ ನನಗೂ ಬೇಡ. ಆದರೆ ವೆಲ್ಡಿಂಗ್ ಕೊಂಚ ನೀಟಾಗಿ ಮಾಡಬಹುದಿತ್ತು. ನಳಿಗೆಯ ಹೊರಗೂ ಕಲೆ ಎದ್ದಿದೆ. ಬಾಲ ಮಾತ್ರ ಈಗಲೂ ಆಡುತ್ತದೆ, ಕುದುರೆಯೂ ಏಳುತ್ತದೆ. ನನಗೆ ಅಷ್ಟು ಸಾಕು. ಹಳೇ ಪಾಲಿಶ್ ಚಕ್ರದ ಫೆಲ್ಟಿನಿಂದ ಒಂದು ಬಿಲ್ಲೆ ಕೊಯ್ದು, ಹಿಂಬಾಯಿಗೆ ಇಟ್ಟು, ಬಾಲ ಮುಚ್ಚಿ ನೋಡಿದೆ. ಪುಸಕ್ ಎಂದು ಗಾಳಿ ಒತ್ತಿಕೊಂಡು ಕೂತಿತು. ಆ ಸದ್ದಿಗೆ ನಾನು 82 ಸಾವಿರ ಕೊಟ್ಟೆ ಎಂದರೂ ತಪ್ಪಿಲ್ಲ.

ಕಾಗದದ ವಿಷಯ. 1959ರ ಆಯುಧ ಕಾಯ್ದೆಯ 45ನೇ ಕಲಮಿನಲ್ಲಿ ಒಂದು ಮಾತಿದೆ. ಹಳೇ ಮಾದರಿಯ, ಪುರಾತನ ಬೆಲೆಯ, ಅಥವಾ ಕೆಟ್ಟುಹೋದ ಆಯುಧ, ರಿಪೇರಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲು ಬಾರದಿದ್ದರೆ, ಅದಕ್ಕೆ ಈ ಕಾಯ್ದೆ ತಾಗುವುದಿಲ್ಲ. ಗಮನಿಸಿ, ಬರೀ ಹಳೇದು ಅಂದರೆ ಸಾಲದು. ಹಾರಿಸಲು ಬಾರದು ಎನ್ನುವುದೇ ಮುಖ್ಯ. ಅಜ್ಜನ ಕಾಲದ್ದು, ಅಟ್ಟದ ಮೇಲಿತ್ತು ಎಂದು ಇಟ್ಟುಕೊಂಡು ಕೂರಬೇಡಿ. ನಾನು ಲೈಸೆನ್ಸ್ ಇರುವ ವ್ಯಾಪಾರಿಯಿಂದಲೇ ಕೊಂಡೆ. ಎಲ್ಲೆಲ್ಲಿ ಕೊಯ್ದಿದೆ, ಎಲ್ಲೆಲ್ಲಿ ವೆಲ್ಡ್ ಆಗಿದೆ ಎಂದು ಫೋಟೋ ಸಮೇತ ಬರೆಸಿಕೊಂಡೆ. ರಸೀದಿ, ಆ ಪತ್ರ, ಎರಡರ ಜೆರಾಕ್ಸ್ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆದೆ. ಅಲ್ಲಿಯ ರೈಟರ್ ಬಾಲ ಎತ್ತಿ ಇಳಿಸಿ, ಎತ್ತಿ ಇಳಿಸಿ, ಟೀ ತಣ್ಣಗಾಗುವವರೆಗೂ ನೋಡಿದರು. ಇನ್ನೊಂದು, ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅಮೆರಿಕದಲ್ಲಿರುವ ಅಳಿಯನಿಗೆ ಉಡುಗೊರೆ ಕಳಿಸುತ್ತೇನೆ ಎಂದರೆ ಆಗುವುದಿಲ್ಲ.

ನೋಡಿಕೊಳ್ಳುವುದು ಕಷ್ಟವಿಲ್ಲ. ಉಕ್ಕಿಗೆ ಹೊಲಿಗೆ ಮಷಿನ್ ಎಣ್ಣೆ, ತೆಳ್ಳಗೆ. ಬೆರಳಿನ ಬೆವರು ಒರೆಸಿ ಇಡಬೇಕು. ಆಯುಧ ಪೂಜೆ ದಿನ ವರ್ನಿಯರ್, ಸ್ಪ್ಯಾನರ್, ಡ್ರಿಲ್ ಮಷಿನ್ ಪಕ್ಕ ಇದನ್ನೂ ಇಟ್ಟೆ. ನಮ್ಮ ಮನೆಯವಳು ಚೆಂಡುಹೂವು ಹಾಕಿ, ನೀರಿನಲ್ಲಿ ಕಲಸಿದ ಅರಿಶಿನ ಕುಂಕುಮ ಬಾಲಕ್ಕೇ ಹಚ್ಚಿದಳು. ಮರುದಿನ ಬೆಳಿಗ್ಗೆ ಅಲ್ಲಿ ಸಣ್ಣಗೆ ತುಕ್ಕು. ಮುಂದಿನ ವರ್ಷ ಒಣ ಕುಂಕುಮ ಎಂದು ಮಾತಾಗಿದೆ. ಮರದ ವಾರ್ನಿಷನ್ನು ಕೆರೆಯಲು ಹೋಗಿಲ್ಲ. ಕೆರೆದರೆ ಉಳಿದ ಅರ್ಧ ಬಾಣವೂ ಹೋಗುತ್ತದೆ.

ಯಾರು ಕೊಳ್ಳಬಹುದು? ಗೋಡೆಯ ಮೇಲೆ ದೌಲತ್ತಿಗೆ ಕೋವಿ ಬೇಕು ಅನ್ನುವವರಿಗೆ ಇದು ಬೇಡ. ಗಿಡ್ಡ, ಕೆತ್ತನೆ ಇಲ್ಲ, ಬೆಳ್ಳಿ ಇಲ್ಲ. ನಮ್ಮ ನೆಂಟರೊಬ್ಬರು ನೋಡಿ "ಇಷ್ಟೇನಾ?" ಎಂದು ಟಿವಿ ಕಡೆ ತಿರುಗಿದರು. ದುಡ್ಡು ಬೆಳೆಯಲಿ ಎಂದು ಕೊಳ್ಳುವವರಿಗೂ ಬೇಡ. ಕೊಂದ ಕೋವಿಯ ಬೆಲೆ ಏರುತ್ತದೆಂದು ನಾನು ಹೇಳಲಾರೆ. ಒಂದು ಯಂತ್ರ ಹೀಗೇಕೆ ಇದೆ ಎಂದು ತಲೆ ಕೆಡಿಸಿಕೊಳ್ಳುವ ಜಾತಿಯವರಾದರೆ ಕೊಳ್ಳಿ. ಆದರೆ ಖುದ್ದಾಗಿ ಹೋಗಿ, ಭೂತಗನ್ನಡಿ ಮತ್ತು ಥ್ರೆಡ್ ಗೇಜ್ ತೆಗೆದುಕೊಂಡು ಹೋಗಿ, ಒಂದು ಸ್ಕ್ರೂ ಆದರೂ ಬಿಚ್ಚಿಸಿ ನೋಡಿ. ಬಿಚ್ಚಲು ಬಿಡದಿದ್ದರೆ ಎದ್ದು ಬನ್ನಿ. ಮರ ಹೊಳೆಯುತ್ತಿದ್ದರೆ ಹತ್ತಿಪ್ಪತ್ತು ಸಾವಿರ ಇಳಿಸಿ ಕೇಳಿ. ನನ್ನ ಲೆಕ್ಕದಲ್ಲಿ ಇದು 60 ಸಾವಿರದ ಮಾಲು. ಕೋವಿಗೆ ಐದಕ್ಕೆ ನಾಲ್ಕೂವರೆ, ಮಾರಿದವರಿಗೆ ಒಂದು.

ಸ್ಕ್ರೂ ಕಥೆ ಇನ್ನೂ ಮುಗಿದಿಲ್ಲ. ಒಳಗಿನ ಕಚ್ಚಿದ ಥ್ರೆಡ್ಡಿನ ಅಚ್ಚು ಮೇಣದಲ್ಲಿ ತೆಗೆದಿದ್ದೇನೆ. ಪರಿಚಯದ ಲೇತ್ ಅಂಗಡಿಯ ಹುಡುಗ ಭಾನುವಾರ ಮಷಿನ್ ಬಿಟ್ಟುಕೊಡುತ್ತಾನೆ, ನಾನೇ ಕೊಯ್ಯಬೇಕು. ಎರಡು ಹಾಳಾದವು, ಮೂರನೆಯದು ಅರ್ಧಕ್ಕೆ ಬಂದಿದೆ. ಮೊನ್ನೆ ಅದೇ ವ್ಯಾಪಾರಿ ಏನೂ ಆಗದವರ ಹಾಗೆ ಫೋನ್ ಮಾಡಿ, ಇದೇ ಮಂಗನ ಬಾಲದ ಪಿಸ್ತೂಲು ಒಂದು ಬಂದಿದೆ, ನಿಮಗೇ ಮೊದಲು ಹೇಳ್ತಿದ್ದೀನಿ ಸಾರ್ ಎಂದರು. ಮೊದಲು ಅದರ ಸ್ಕ್ರೂಗಳನ್ನೆಲ್ಲ ಬಿಚ್ಚಿ ಬಿಳಿ ಹಾಳೆಯ ಮೇಲಿಟ್ಟು ಫೋಟೋ ಕಳಿಸಿ ಎಂದೆ. ಇನ್ನೂ ಬಂದಿಲ್ಲ.